ಗಡಿಯಾರ ನೋಡುವ ಕರುಣೆ

ಬೆಳಿಗ್ಗೆ ಹಾಲಿನವನ ಗಾಡಿಯ ಸದ್ದು ಕೇಳಿದೊಡನೆ ಬಾಗಿಲಿಗೆ ಓಡಿಬರುತ್ತಿದ್ದ ನಾಯಿ ಒಂದು ದಿನ ಮೂಲೆಯಿಂದ ಏಳುವುದಿಲ್ಲ. ಕಣ್ಣು ನಮ್ಮನ್ನೇ ನೋಡುತ್ತಿರುತ್ತದೆ, ಬಾಲವೂ ಒಂದಿಷ್ಟು ಅಲ್ಲಾಡುತ್ತದೆ, ಆದರೆ ಬೆನ್ನು ಗೂನಾಗಿದೆ, ಮೈ ನಡುಗುತ್ತಿದೆ. ಎತ್ತಿಕೊಳ್ಳಲು ಹೋದರೆ ಕಿರುಚುತ್ತದೆ. ಹೊಟ್ಟೆ ಮುಟ್ಟಿ ನೋಡಿದರೆ ಕಲ್ಲು. ನಿನ್ನೆ ಏನೋ ತಿಂದಿರಬೇಕು ಎನ್ನುತ್ತಾರೆ ಮನೆಯಲ್ಲಿ ಒಬ್ಬರು. ಇವತ್ತು ಬರೀ ಮೊಸರನ್ನ ಹಾಕಿ, ನಾಳೆಗೆ ಸರಿಹೋಗುತ್ತದೆ ಎನ್ನುತ್ತಾರೆ ಇನ್ನೊಬ್ಬರು. ಮಧ್ಯಾಹ್ನದ ಹೊತ್ತಿಗೆ ಹಿಂಗಾಲುಗಳು ತೂರಾಡುತ್ತವೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ನಾಯಿ ಮುಂಗಾಲುಗಳ ಬಲದ ಮೇಲೆ ಮೈಯನ್ನು ಎಳೆದುಕೊಂಡು ಬರುತ್ತದೆ. ಆಗ ಮನೆಯಲ್ಲಿ ‘ಲಕ್ವ ಹೊಡೆದಿದೆ’ ಎಂಬ ಮಾತು ಏಳುತ್ತದೆ.

ಹೊಟ್ಟೆ ಕಲ್ಲಾಗಿದ್ದು ಅಜೀರ್ಣದಿಂದಲ್ಲ, ಬೆನ್ನಿನ ನೋವನ್ನು ಹಲ್ಲುಕಚ್ಚಿ ಹಿಡಿದದ್ದರಿಂದ. ನಾಯಿಯ ಕತ್ತಿನಲ್ಲಿ 7, ಎದೆಯ ಭಾಗದಲ್ಲಿ 13, ಸೊಂಟದಲ್ಲಿ 7 ಮಣಿಗಳು ಸಾಲಾಗಿ ಕೂತಿರುತ್ತವೆ. ಮಣಿ ಮಣಿಯ ನಡುವೆ ಡಿಸ್ಕ್ ಎಂಬ ಮೆತ್ತೆ. ನಮ್ಮ ಹೋಳಿಗೆಗೆ ಇರುವಂತೆ ಅದಕ್ಕೂ ಹೊರಗೊಂದು ಕಣಕ, ಒಳಗೊಂದು ಹೂರಣ. ಹೂರಣ ಮೆತ್ತಗಿರುವವರೆಗೆ ಲಟ್ಟಣಿಗೆಯ ಒತ್ತಡ ಎಲ್ಲ ಕಡೆಗೂ ಸಮನಾಗಿ ಹಂಚಿಹೋಗುತ್ತದೆ. ಒಣಗಿ ಗಂಟುಗಟ್ಟಿದರೆ ಕಣಕವನ್ನು ಹರಿದುಕೊಂಡು ಹೊರಗೆ ಬರುತ್ತದೆ. ಡಿಸ್ಕಿನಲ್ಲಿ ಹಾಗೆ ಹೊರಬಂದದ್ದು ಅದರ ಮೇಲೆಯೇ ಹಾದುಹೋಗುವ ಬೆನ್ನುಹುರಿಗೆ ಬಡಿಯುತ್ತದೆ, ಅಲ್ಲೇ ಒತ್ತಿಕೊಂಡು ಕೂರುತ್ತದೆ. ಎದೆಯ ಮಣಿಗಳು ಮುಗಿದು ಸೊಂಟದವು ಶುರುವಾಗುವ ಕಡೆ ಇದು ಹೆಚ್ಚು. ಆದ್ದರಿಂದಲೇ ಮುಂಗಾಲು ಗಟ್ಟಿಯಾಗಿದ್ದು ಹಿಂಗಾಲು ಹೋಗುತ್ತದೆ, ಜೊತೆಗೆ ಮೂತ್ರಕೋಶದ ಹಿಡಿತವೂ ಹೋಗುತ್ತದೆ. ದೊಡ್ಡ ಜಾತಿಯ ವಯಸ್ಸಾದ ನಾಯಿಗಳಲ್ಲಿ ಇದೇ ಕಾಯಿಲೆ ಬೇರೆ ರೀತಿ ಬರುತ್ತದೆ: ಡಿಸ್ಕು ಒಮ್ಮೆಗೇ ಒಡೆಯುವುದಿಲ್ಲ, ತಿಂಗಳುಗಟ್ಟಲೆ ಮೆಲ್ಲಗೆ ಉಬ್ಬುತ್ತಾ ಹೋಗುತ್ತದೆ. ಈ ಎರಡು ಬಗೆಗಳನ್ನು ಬೇರ್ಪಡಿಸಿ ತೋರಿಸಿದವರು ಸ್ವೀಡನ್ನಿನ ಹ್ಯಾನ್ಸೆನ್, 1950ರ ದಶಕದ ಆರಂಭದಲ್ಲಿ. ಇಂದಿಗೂ ಪಶುವೈದ್ಯರು ಅವರ ಹೆಸರಿನಲ್ಲೇ ‘ಮೊದಲನೇ ಬಗೆ’, ‘ಎರಡನೇ ಬಗೆ’ ಎನ್ನುತ್ತಾರೆ.

ಮೊದಲನೇ ಬಗೆಗೆ ಅತಿ ಹೆಚ್ಚು ತುತ್ತಾಗುವುದು ಡ್ಯಾಶ್‌ಹಂಡ್. ಉದ್ದ ಮೈ, ಗಿಡ್ಡ ಕಾಲು, ಜೋತುಬಿದ್ದ ಕಿವಿ. ಸಣ್ಣ ಮನೆಗೆ, ಅಪಾರ್ಟ್‌ಮೆಂಟಿಗೆ ಒಗ್ಗುತ್ತದೆಂದು ನಮ್ಮ ಊರುಗಳಲ್ಲೂ ಬಹಳ ಜನ ಮೆಚ್ಚಿ ತರುವ ನಾಯಿ. ಬಿಲದೊಳಗೆ ನುಗ್ಗಿ ಬೇಟೆಯಾಡಲೆಂದು ಜರ್ಮನಿಯ ಜನ ತಲೆಮಾರುಗಳ ಕಾಲ ಆಯ್ದು ಆಯ್ದು ಬೆಳೆಸಿದ ತಳಿ ಅದು. ಆ ಗಿಡ್ಡ ಕಾಲಿನ ಹಿಂದಿರುವ ವಂಶವಾಹಿಯ ಬದಲಾವಣೆಯೊಂದು ಡಿಸ್ಕನ್ನೂ ಎಳೆಯ ವಯಸ್ಸಿನಲ್ಲೇ ಮುದಿಮಾಡುತ್ತದೆ ಎಂದು 2017ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ವಿಜ್ಞಾನಿಗಳು ತೋರಿಸಿಕೊಟ್ಟರು. ನಾವು ಮುದ್ದು ಎಂದು ಮೆಚ್ಚಿದ್ದಕ್ಕೂ ಅದು ಅನುಭವಿಸುವ ನೋವಿಗೂ ಬೇರು ಒಂದೇ. ಹುಟ್ಟಿ ಒಂದೆರಡು ವರ್ಷದೊಳಗೇ ಅದರ ಡಿಸ್ಕುಗಳಲ್ಲಿ ಸುಣ್ಣ ಕೂರುತ್ತದೆ. ಮೂರರಿಂದ ಏಳು ವರ್ಷದ ನಡುವೆ, ಅಂದರೆ ನಾಯಿ ಒಳ್ಳೆಯ ಹರೆಯದಲ್ಲಿರುವಾಗಲೇ, ಒಂದು ದಿನ ಸೋಫಾದಿಂದ ಇಳಿದದ್ದೇ ನೆಪವಾಗುತ್ತದೆ. ‘ನಾನು ಆವತ್ತು ಮೇಲೆ ಹತ್ತಿಸಬಾರದಿತ್ತು’ ಎಂದು ಕೊರಗುವವರನ್ನು ನೋಡಿದ್ದೇನೆ. ಆ ಕೊರಗು ಬೇಡ. ಹಗ್ಗ ಎಂದೋ ಸವೆದಿತ್ತು, ಅಂದು ಹರಿಯಿತು ಅಷ್ಟೆ. ಆದರೆ ಈ ದೇಹವನ್ನು ಹೀಗೆ ರೂಪಿಸಿದ್ದು ಮನುಷ್ಯರು ಎಂಬುದನ್ನು ಮರೆಯುವ ಹಾಗಿಲ್ಲ. ಹಾಗಿರುವಾಗ ಅದರ ಆರೈಕೆಯನ್ನು ದೊಡ್ಡ ಔದಾರ್ಯ ಎಂದು ಕರೆದುಕೊಳ್ಳುವುದಕ್ಕಿಂತ ಋಣ ಎನ್ನುವುದು ಹೆಚ್ಚು ಸರಿ ಎಂದು ನನಗೆ ತೋರುತ್ತದೆ.

ಮೊದಲ ದಿನದ ಮಾತು ಚಿಕ್ಕದು, ಆದರೆ ಅದೇ ಎಲ್ಲಕ್ಕಿಂತ ಮುಖ್ಯ. ಹಿಂಗಾಲು ತೂರಾಡಿದ ದಿನವೇ ವೈದ್ಯರಲ್ಲಿಗೆ ಹೋಗಬೇಕು. ಅವರು ಕಾಲ್ಬೆರಳನ್ನು ಬಲವಾಗಿ ಚಿವುಟಿ ನೋಡುತ್ತಾರೆ. ಕಾಲು ಹಿಂದಕ್ಕೆ ಸೆಳೆದುಕೊಂಡಿತೆಂದು ನಾವು ಸಮಾಧಾನಪಡುತ್ತೇವೆ; ಅವರು ನೋಡುವುದು ಅದನ್ನಲ್ಲ. ಮೆದುಳಿಗೆ ಸುದ್ದಿ ಮುಟ್ಟದಿದ್ದರೂ ಕಾಲು ತಾನಾಗಿ ಸೆಳೆದುಕೊಳ್ಳಬಲ್ಲದು. ನಾಯಿ ತಿರುಗಿ ನೋಡಿತೇ, ಕಿರುಚಿತೇ, ಕಚ್ಚಲು ಬಂದಿತೇ ಎಂಬುದೇ ಪ್ರಶ್ನೆ. ಆ ನೋವಿನ ಅರಿವು ಉಳಿದಿದ್ದರೆ, ಕಾಲು ಪೂರ್ತಿ ಬಿದ್ದಿದ್ದರೂ, ಶಸ್ತ್ರಚಿಕಿತ್ಸೆಯಾದ ನಾಯಿಗಳಲ್ಲಿ ಬಹುಪಾಲು ಮತ್ತೆ ನಡೆಯುತ್ತವೆ. ಅರಿವೇ ಅಳಿಸಿಹೋಗಿದ್ದರೆ ಆ ಅವಕಾಶ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಅಲ್ಲಿ ಒಂದೊಂದು ಗಂಟೆಗೂ ಬೆಲೆಯಿದೆ. ಬೆಂಗಳೂರಿನಂಥ ಊರಿನಲ್ಲಿ ಎಂಆರ್‌ಐ, ಆಪರೇಷನ್ ಎರಡೂ ಸಿಗುತ್ತವೆ. ತಾಲ್ಲೂಕು ಊರಿನವರಿಗೆ ಅಷ್ಟು ದೂರ, ಅಷ್ಟು ಖರ್ಚು ಎರಡೂ ಭಾರ. ನಡೆಯುವ ಶಕ್ತಿ ಇನ್ನೂ ಉಳಿದಿರುವಾಗಲೇ ಹಿಡಿದರೆ ಔಷಧ ಮತ್ತು ವಿಶ್ರಾಂತಿಯಿಂದಲೇ ಚೇತರಿಸಿಕೊಳ್ಳುವ ನಾಯಿಗಳು ಬಹಳ. ಔಷಧ ಎಂದರೆ ವೈದ್ಯರು ಬರೆದುಕೊಟ್ಟದ್ದು. ಮನೆಯ ಡಬ್ಬಿಯಲ್ಲಿರುವ ಪ್ಯಾರಸಿಟಮಾಲ್, ಐಬುಪ್ರೊಫೆನ್ ಕೊಡುವುದು ನಾಯಿಗೆ ವಿಷವಾಗಬಹುದು. ಒಬ್ಬ ವೈದ್ಯರು ಸ್ಟೀರಾಯ್ಡ್ ಕೊಟ್ಟಿದ್ದರೆ ಇನ್ನೊಬ್ಬರ ಹತ್ತಿರ ಹೋದಾಗ ಅದನ್ನು ಮೊದಲೇ ಹೇಳಬೇಕು; ಅದರ ಮೇಲೆ ಬೇರೆ ನೋವಿನ ಮಾತ್ರೆ ಸೇರಿದರೆ ಹೊಟ್ಟೆ, ಕರುಳಿನಲ್ಲಿ ಹುಣ್ಣಾಗಿ ರಕ್ತ ಸೋರಬಹುದು.

ಇನ್ನು ಮನೆಗೆ ಬಂದ ಮೇಲಿನ ಕೆಲಸ. ಇಲ್ಲಿಂದ ಮುಂದೆ ವೈದ್ಯರ ಪಾಲು ಸ್ವಲ್ಪ, ಗೃಹಸ್ಥರ ಪಾಲು ಬಹಳ.

ಮೊದಲ ಚಿಕಿತ್ಸೆಯೇ ಕಟ್ಟುನಿಟ್ಟಾದ ವಿಶ್ರಾಂತಿ. ಕಡಿಮೆಯೆಂದರೆ ನಾಲ್ಕು ವಾರ ಎನ್ನುತ್ತದೆ 2022ರಲ್ಲಿ ಪಶು ನರರೋಗ ತಜ್ಞರು ಕೂಡಿ ಹೊರತಂದ ಮಾರ್ಗಸೂಚಿ. ಆರು ವಾರ, ಎಂಟು ವಾರ ಹೇಳುವ ವೈದ್ಯರೂ ಇದ್ದಾರೆ. ಹರಿದ ಕಣಕ ಮತ್ತೆ ಕೂಡಿಕೊಳ್ಳಲು ಅಷ್ಟು ಕಾಲ ಬೇಕು. ವಿಶ್ರಾಂತಿ ಎಂದರೆ ‘ಜಾಸ್ತಿ ಓಡಾಡಿಸಬೇಡಿ’ ಎಂದಲ್ಲ. ಎದ್ದು ನಿಂತು ಒಂದು ಸುತ್ತು ತಿರುಗಿ ಮಲಗುವಷ್ಟು ಜಾಗವಿರುವ ಬೋನು, ಅಥವಾ ನಡುಮನೆಯ ಮೂಲೆಯಲ್ಲಿ ಸುತ್ತ ತಡೆಯಿಟ್ಟು ಮಾಡಿದ ಅಷ್ಟೇ ಜಾಗ. ಹಗಲೂ ರಾತ್ರಿ ಅದರೊಳಗೇ. ಒಂದಕ್ಕೆ ಎರಡಕ್ಕೆ ಮಾತ್ರ ಎತ್ತಿಕೊಂಡು ಹೊರಗೆ, ಅದೂ ಹಗ್ಗ ಹಿಡಿದು, ಒಂದೆರಡು ನಿಮಿಷ. ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಪೃಷ್ಠದ ಕೆಳಗೆ, ಬೆನ್ನು ನೆಲಕ್ಕೆ ಸಮನಾಗಿ. ಮಗುವನ್ನೆತ್ತಿದ ಹಾಗೆ ಕಂಕುಳಲ್ಲಿ ಹಿಡಿದು ಎತ್ತಿದರೆ ಹಿಂಭಾಗದ ಭಾರವೆಲ್ಲ ಕೆಟ್ಟ ಜಾಗದ ಮೇಲೆಯೇ ಜಗ್ಗುತ್ತದೆ.

ಇದರಲ್ಲಿ ನಿಜವಾಗಿ ಕಷ್ಟದ್ದು ಮೊದಲ ವಾರವಲ್ಲ. ಆಗ ನಾಯಿಗೂ ನೋವಿರುತ್ತದೆ, ಅದೇ ಮಲಗಿರುತ್ತದೆ. ಎರಡನೇ ವಾರದಲ್ಲಿ ಔಷಧ ಹಿಡಿದು ನೋವು ಇಳಿಯುತ್ತದೆ. ಕಣ್ಣಿಗೆ ಹೊಳಪು ಬರುತ್ತದೆ. ಬೋನಿನ ಸರಳಿಗೆ ಮೂತಿ ಒತ್ತಿ ಕುಂಯ್ ಎನ್ನುತ್ತದೆ. ಶಾಲೆಯಿಂದ ಬಂದ ಮಕ್ಕಳು ‘ಪಾಪ, ಜೈಲಿಗೆ ಹಾಕಿದ್ದೀರಿ’ ಎನ್ನುತ್ತಾರೆ. ನೋಡಲು ಬಂದ ನೆಂಟರು ‘ಚೆನ್ನಾಗೇ ಇದೆಯಲ್ಲ, ಬಿಡಿ, ಸ್ವಲ್ಪ ಓಡಾಡಿಕೊಂಡಿರಲಿ’ ಎನ್ನುತ್ತಾರೆ. ನಮ್ಮ ಕೈಯೂ ಅಗುಳಿಯ ಕಡೆಗೆ ಹೋಗುತ್ತದೆ. ನೋವು ಹೋಗಿದೆ, ಗಾಯ ಹೋಗಿಲ್ಲ. ಮಾತ್ರೆ ಮುಚ್ಚಿಟ್ಟಿರುವುದು ನೋವನ್ನು ಮಾತ್ರ. ಇಂಥ ಹೊತ್ತಿನಲ್ಲಿ ಬಾಗಿಲು ತೆರೆದು, ಆಟೋ ಹಾರನ್ನಿಗೆ ನಾಯಿ ಎಗರಿ ಓಡಿ, ಅರೆ ಕೂಡಿದ್ದು ಪೂರ್ತಿ ಹರಿದು, ಆವರೆಗೆ ನಡೆಯುತ್ತಿದ್ದದ್ದು ನಡೆಯದೇ ಹೋಗುವುದುಂಟು. ನಮ್ಮಲ್ಲಿ ಕರುಣೆ ಎಂದರೆ ಕಟ್ಟು ಬಿಚ್ಚುವುದು, ಬಾಗಿಲು ತೆರೆಯುವುದು, ಕೇಳಿದ್ದು ಕೊಡುವುದು ಎಂಬ ಭಾವನೆ ಬಲವಾಗಿದೆ. ಈ ನಾಯಿಯ ಮುಂದೆ ಅಗುಳಿ ಹಾಕಿ, ಅದರ ಪಕ್ಕದಲ್ಲೇ ನೆಲದ ಮೇಲೆ ಕೂತು, ಸರಳಿನ ಸಂದಿಯಲ್ಲಿ ಬೆರಳು ತೂರಿಸಿ ಕಿವಿ ನೀವುವುದು ಕರುಣೆ. ಅದು ನಮ್ಮನ್ನು ತಪ್ಪು ತಿಳಿದುಕೊಂಡರೆ ತಿಳಿದುಕೊಳ್ಳಲಿ, ಸಹಿಸಬೇಕು. ಪತ್ರಿಕೆ ಓದುವುದು, ಸೊಪ್ಪು ಬಿಡಿಸುವುದು, ಬಟ್ಟೆ ಮಡಚುವುದು ಎಲ್ಲವನ್ನೂ ಬೋನಿನ ಪಕ್ಕಕ್ಕೆ ತಂದುಕೊಂಡ ಮನೆಗಳಲ್ಲಿ ನಾಯಿ ಬೇಗ ಸುಮ್ಮನಾಗುತ್ತದೆ. ಒಂಟಿಯಾಗಿ ಹಿಂದಿನ ಕೋಣೆಗೆ ತಳ್ಳಿದ ಕಡೆ ಅದು ಹಗಲೆಲ್ಲ ಪರಚುತ್ತದೆ.

ಎರಡನೆಯ ಕೆಲಸದ ವಿಷಯ ಮಾತಾಡಲು ಜನ ಸಂಕೋಚಪಡುತ್ತಾರೆ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಕಾಲು ಬಿದ್ದ ನಾಯಿ ಸಾಮಾನ್ಯವಾಗಿ ತಾನಾಗಿ ಮೂತ್ರ ಮಾಡಲಾರದು. ಹಾಸಿಗೆ ಒದ್ದೆಯಾಗಿದ್ದನ್ನು ನೋಡಿ ‘ಸದ್ಯ, ಮಾಡಿದೆಯಲ್ಲ’ ಎಂದು ನಾವು ನಿರಾಳವಾಗುತ್ತೇವೆ. ಎಷ್ಟೋ ಸಲ ಅದು ಮಾಡಿದ್ದಲ್ಲ, ತುಂಬಿ ತುಳುಕಿದ್ದು. ಮೂತ್ರಕೋಶ ಒಳಗೆ ಬಿಗಿದು ನಿಂತೇ ಇರುತ್ತದೆ. ಹಾಗೆ ನಿಂತ ಮೂತ್ರದಲ್ಲಿ ಸೋಂಕು ಬೆಳೆಯುತ್ತದೆ, ಮೂತ್ರಕೋಶದ ಸ್ನಾಯು ಹಿಗ್ಗಿ ತನ್ನ ಬಲ ಕಳೆದುಕೊಳ್ಳುತ್ತದೆ. ಆದ್ದರಿಂದ ಆರರಿಂದ ಎಂಟು ಗಂಟೆಗೊಮ್ಮೆ ಹೊಟ್ಟೆಯ ಹಿಂಭಾಗವನ್ನು ಎರಡೂ ಕೈಯ ಚಪ್ಪಟೆ ಬೆರಳುಗಳಿಂದ ಮೆಲ್ಲಗೆ, ಬಿಡದೆ ಒತ್ತಿ ಖಾಲಿ ಮಾಡಿಸಬೇಕು. ಇದನ್ನು ಓದಿ ಕಲಿಯಲು ಆಗುವುದಿಲ್ಲ. ವೈದ್ಯರು ನಮ್ಮ ಕೈಯ ಮೇಲೆ ಕೈಯಿಟ್ಟು ‘ಇಲ್ಲಿ ನೋಡಿ, ಇದು’ ಎಂದು ತೋರಿಸಿಕೊಡಬೇಕು. ಒಂದು ಸಲಕ್ಕೆ ಬರದಿದ್ದರೆ ಮತ್ತೆ ಹೋಗಿ ಕೇಳಲು ನಾಚಬಾರದು. ಕೆಲವು ನಾಯಿಗಳಲ್ಲಿ ಮೂತ್ರದ ಬಾಯಿ ಬಿಗಿಯಾಗಿದ್ದು ಔಷಧ ಕೊಟ್ಟು ಸಡಿಲಿಸದೆ ಒತ್ತಿದರೆ ಅಪಾಯ. ಮೂತ್ರ ಗಬ್ಬು ನಾತ ಬಂದರೆ, ಮಡ್ಡಿಯಾದರೆ, ರಕ್ತ ಕಂಡರೆ ಅಂದೇ ಪರೀಕ್ಷೆ ಮಾಡಿಸಬೇಕು. ಹೀಗೆ ಮಾಡಿಸುವುದನ್ನು ಕಲಿತ ಮನೆಯಲ್ಲಿ ನಾಯಿ ಬದುಕುತ್ತದೆ. ಕಾಲಿಲ್ಲದ ನಾಯಿಗಳು ಸಾಯುವುದು ಬಹಳ ಸಲ ಕಾಲಿನಿಂದಲ್ಲ, ಮೂತ್ರದ ಸೋಂಕಿನಿಂದ ಮತ್ತು ಹಾಸಿಗೆ ಹುಣ್ಣಿನಿಂದ.

ಹುಣ್ಣಿನ ಕಥೆಯೂ ಇದೇ. ಮೂಳೆ ಚರ್ಮಕ್ಕೆ ಹತ್ತಿರವಿರುವ ಕಡೆ, ತೊಡೆಯ ಮೇಲಿನ ಉಬ್ಬುಮೂಳೆ, ಮೊಣಕೈ, ಹಿಮ್ಮಡಿ, ಒಂದೇ ಮಗ್ಗುಲಲ್ಲಿ ಬಿದ್ದಿದ್ದರೆ ಮೊದಲು ಕೂದಲು ಉದುರುತ್ತದೆ, ಆಮೇಲೆ ಕೆಂಪು, ಆಮೇಲೆ ಗಾಯ. ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಹಳೆಯ ಹತ್ತಿ ಹಾಸಿಗೆಯ ಮೇಲೆ ರಬ್ಬರ್ ಶೀಟು, ಅದರ ಮೇಲೆ ಮಡಚಿದ ಹಳೆಯ ಪಂಚೆ ಅಥವಾ ಸೀರೆ. ಒದ್ದೆಯಾದ ಕೂಡಲೇ ಬದಲು. ಒದ್ದೆ ಮೈಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಒರೆಸಿ, ಒಣಬಟ್ಟೆಯಿಂದ ಒತ್ತಿ ಆರಿಸಬೇಕು, ಉಜ್ಜಬಾರದು. ಮಳೆಗಾಲದಲ್ಲಿ ಬಟ್ಟೆ ಒಣಗದೆ ಇದೊಂದು ದೊಡ್ಡ ತಾಪತ್ರಯ, ಗೃಹಿಣಿಯರಿಗೆ ಹೇಳಬೇಕಾಗಿಲ್ಲ. ವೈದ್ಯರು ಸರಿಯೆಂದ ಮೇಲೆ ದಿನಕ್ಕೆ ಎರಡು ಮೂರು ಸಲ ಹಿಂಗಾಲಿನ ಬೆರಳು, ಹಿಮ್ಮಡಿ, ಮಂಡಿ, ಸೊಂಟದ ಕೀಲುಗಳನ್ನು ಒಂದೊಂದಾಗಿ ಮಡಚಿ ನೀಡಿಸಿದರೆ ಕೀಲು ಕಟ್ಟಿಕೊಳ್ಳುವುದಿಲ್ಲ. ನಿಲ್ಲಿಸುವ ಹಂತ ಬಂದಾಗ ಒಂದು ಉದ್ದ ಟವೆಲನ್ನು ಹೊಟ್ಟೆಯಡಿ ತೂರಿಸಿ ಹಿಂಭಾಗದ ಭಾರವನ್ನು ನಾವು ಹಿಡಿದು ನಾಲ್ಕು ಹೆಜ್ಜೆ ಹಾಕಿಸಬಹುದು. ಇದಕ್ಕೆಲ್ಲ ಹಣ ಬೇಕಿಲ್ಲ, ಹೊತ್ತು ಬೇಕು.

ನಮ್ಮ ಹೊಸ ಮನೆಗಳ ನೆಲದ ಬಗ್ಗೆ ಒಂದು ಮಾತು. ಗಾಜಿನಂತೆ ಮಿನುಗುವ ಟೈಲ್ಸ್ ನಮ್ಮ ಕಣ್ಣಿಗೆ ಚೆಂದ, ಬೆನ್ನು ಕೆಟ್ಟ ನಾಯಿಗೆ ಶತ್ರು. ಒಂದೊಂದು ಜಾರಿಕೆಯೂ ಬೆನ್ನಿಗೊಂದು ತಿರುಚು. ಅದು ಓಡಾಡುವ ದಾರಿಯುದ್ದಕ್ಕೂ ನಾರಿನ ಮ್ಯಾಟೋ, ರಬ್ಬರ್ ಮ್ಯಾಟೋ ಹಾಸಿದರೆ ಮುಗಿಯಿತು. ದಿವಾನದ ಮುಂದೆ ಇಳಿಜಾರು ಹಲಗೆ, ಮಹಡಿ ಮೆಟ್ಟಿಲಿಗೆ ಅಡ್ಡಗೇಟು, ಕತ್ತಿನ ಪಟ್ಟಿಯ ಬದಲು ಎದೆಪಟ್ಟಿ, ಉದ್ದ ಬಿಡದ ಉಗುರು. ತೂಕವೂ ಹಾಗೆಯೇ. ಬೋನಿನಲ್ಲಿರುವ ನಾಯಿಗೆ ‘ಪಾಪ’ ಎಂದು ಕೊಡುವ ಒಂದೊಂದು ಬಿಸ್ಕತ್ತೂ ನಾಳೆ ಆ ಬೆನ್ನೇ ಹೊರಬೇಕಾದ ಭಾರ.

ಇಷ್ಟನ್ನೂ ಯಾರು ಮಾಡುತ್ತಾರೆ? ನನಗೆ ಹೆಚ್ಚು ಕಾಡುವುದು ಈ ಪ್ರಶ್ನೆ. ಮರಿ ತಂದಾಗ ಅದು ಮನೆಯವರೆಲ್ಲರ ನಾಯಿ. ಮಗ ಹೆಸರಿಡುತ್ತಾನೆ, ಮಗಳು ಫೋಟೊ ತೆಗೆಯುತ್ತಾಳೆ, ಯಜಮಾನರು ಬೆಳಿಗ್ಗೆ ವಾಕಿಂಗಿಗೆ ಕರೆದೊಯ್ಯುತ್ತಾರೆ. ಕಾಲು ಬಿದ್ದ ದಿನದಿಂದ ಅದು ಒಬ್ಬರ ನಾಯಿಯಾಗುತ್ತದೆ, ಆ ಒಬ್ಬರು ಸಾಮಾನ್ಯವಾಗಿ ಅಡುಗೆಮನೆಯಲ್ಲಿರುವವರೇ. ರಾತ್ರಿ ಹನ್ನೊಂದಕ್ಕೆ ಮೂತ್ರ ಒತ್ತುವುದು, ನಸುಕಿನಲ್ಲಿ ಮಗ್ಗುಲು ಬದಲಿಸುವುದು, ಮಧ್ಯಾಹ್ನ ಬಟ್ಟೆ ಒಗೆಯುವುದು, ಎಲ್ಲ ಒಂದೇ ಜೋಡಿ ಕೈಗೆ. ಊರಿಗೆ ಹೋಗುವಂತಿಲ್ಲ, ಮದುವೆಗೆ ಹೋದರೂ ಊಟ ಮುಗಿಸಿದೊಡನೆ ಓಡಿಬರಬೇಕು. ಉಳಿದವರು ಪ್ರೀತಿಸುವುದಿಲ್ಲವೆಂದಲ್ಲ, ಆಫೀಸಿನಿಂದ ಬಂದು ತಲೆ ಸವರುತ್ತಾರೆ, ಕಣ್ಣೀರನ್ನೂ ಹಾಕುತ್ತಾರೆ. ಆದರೆ ಆ ನಾಯಿಗೆ ಬೇಕಾದದ್ದು ಕಣ್ಣೀರಲ್ಲ, ಎರಡು ಗಂಟೆಗೆ ಬರಬೇಕಾದವರು ಎರಡು ಗಂಟೆಗೆ ಬರುವುದು. ಫ್ರಿಜ್ಜಿನ ಬಾಗಿಲ ಮೇಲೆ ಒಂದು ಹಾಳೆ ಅಂಟಿಸಿ, ಹೊತ್ತು, ಕೆಲಸ, ಯಾರ ಪಾಳಿ ಎಂದು ಬರೆದು, ಮಾಡಿದವರು ಗುರುತು ಹಾಕುವ ಪದ್ಧತಿ ಇಟ್ಟುಕೊಂಡ ಮನೆಗಳುಂಟು. ಹದಿಮೂರು ವರ್ಷದ ಹುಡುಗನಿಗೂ ಅದರಲ್ಲಿ ಒಂದು ಪಾಳಿ ಇರಬೇಕು. ದಯೆಯ ವಿಷಯದಲ್ಲಿ ಅವನಿಗೆ ಯಾವ ಪಾಠವೂ ಅಷ್ಟು ಕಲಿಸಲಾರದು.

ಇಲ್ಲಿ ನಮ್ಮದೇ ನೆಲದ ಒಂದು ಕಲ್ಲು ನೆನಪಾಗುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿದ, ಹತ್ತನೆಯ ಶತಮಾನದ ನಡುವಿನ ಶಾಸನ ಅದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರ ಎಂಬ ವೀರ, ಮೆಚ್ಚಿದ ದೊರೆ ಏನು ಬೇಕೆಂದು ಕೇಳಿದಾಗ, ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದ. ಆ ನಾಯಿ ದೊಡ್ಡ ಹಂದಿಯೊಂದರೊಡನೆ ಹೋರಾಡಿ, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಮಣಲೆರ ಅದಕ್ಕೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ. ಇತಿಹಾಸಕಾರರಿಗೆ ಆ ಕಲ್ಲು ರಾಷ್ಟ್ರಕೂಟ-ಚೋಳರ ಯುದ್ಧದ ಸಾಕ್ಷಿ. ನನ್ನ ಮನಸ್ಸು ನಿಲ್ಲುವುದು ಅದರ ಇನ್ನೊಂದು ಸಾಲಿನ ಮೇಲೆ: ಆ ಭೂಮಿಯನ್ನು ನೋಡಿಕೊಳ್ಳುವ ಗೊರವ, ಅಂದರೆ ಶೈವ ಪೂಜಾರಿ, ಈ ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟಲಿ ಎಂಬ ಕಟ್ಟಳೆ ಅಲ್ಲಿದೆ. ನಾಯಿಯ ನೆನಪನ್ನು ಮಣಲೆರ ಯಾರ ಭಾವನೆಗೂ ಬಿಡಲಿಲ್ಲ. ದಿನವೂ, ಊಟಕ್ಕೆ ಮೊದಲು, ಇಂಥವರು ಎಂದು ಹೊತ್ತು ಗೊತ್ತುಮಾಡಿ, ಹೊಣೆ ಹಚ್ಚಿ ಇಟ್ಟ. ಸತ್ತ ನಾಯಿಗೆ ಸಾವಿರ ವರ್ಷದ ಹಿಂದೆ ನಮ್ಮವರು ಇಷ್ಟು ಮಾಡಿದ್ದಾರೆ. ಉಸಿರಾಡುತ್ತಿರುವ ನಾಯಿಯ ಮೂತ್ರಕೋಶವನ್ನು ನಮ್ಮ ಊಟಕ್ಕೆ ಮೊದಲು ಖಾಲಿ ಮಾಡಿಸುವುದು ಅದಕ್ಕಿಂತ ಹೆಚ್ಚಿನ ಪೂಜೆಯೆಂದು ನಾನು ನಂಬುತ್ತೇನೆ.

‘ಒಂದು ನಾಯಿಗೆ ಇಷ್ಟೆಲ್ಲಾ ಬೇಕೇ?’ ಎಂದು ಕೇಳುವವರು ಕೆಟ್ಟವರಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದಾರೆ, ಮಕ್ಕಳ ಫೀಸಿದೆ, ಎಲ್ಲಿಂದ ತರುವುದು ಎಂಬ ಲೆಕ್ಕ ಅದರ ಹಿಂದಿದೆ. ಅವರಿಗೆ ನಾನು ಹೇಳುವುದು ಇಷ್ಟು. ಈ ಕೈಕೆಲಸ ವ್ಯರ್ಥವಾಗುವುದಿಲ್ಲ. ಮಗ್ಗುಲು ಬದಲಿಸುವುದು, ಹುಣ್ಣು ಬರದಂತೆ ನೋಡುವುದು, ಬೆನ್ನು ತಿರುಚದಂತೆ ಎತ್ತುವುದು ಕಲಿತ ಕೈ ನಾಳೆ ಅಜ್ಜಿಗೂ ಬರುತ್ತದೆ. ಇನ್ನೂ ದೊಡ್ಡದಾಗಿ ನೋಡಿದರೆ, ಇಂಥ ನಾಯಿಗಳಿಂದ ಮನುಷ್ಯರ ವೈದ್ಯವೂ ಕಲಿಯುತ್ತಿದೆ. 2012ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನ ವಿಜ್ಞಾನಿಗಳು, ಅಪಘಾತದಲ್ಲೋ ಕಾಯಿಲೆಯಲ್ಲೋ ಬೆನ್ನುಹುರಿ ಜಖಂಗೊಂಡು ಹಿಂಗಾಲು ಕಳೆದುಕೊಂಡಿದ್ದ 34 ಸಾಕುನಾಯಿಗಳ ಮೇಲೆ ಒಂದು ಚಿಕಿತ್ಸೆಯನ್ನು ಪರೀಕ್ಷಿಸಿದ ವರದಿ ಪ್ರಕಟಿಸಿದರು. ನಾಯಿಯ ಮೂಗಿನೊಳಗಿನ ಪದರದಿಂದಲೇ ಜೀವಕೋಶಗಳನ್ನು ತೆಗೆದು ಬೆಳೆಸಿ, ಕೆಲವಕ್ಕೆ ಬೆನ್ನುಹುರಿಯ ಗಾಯದ ಜಾಗಕ್ಕೆ ಹಾಕಿದರು, ಕೆಲವಕ್ಕೆ ಕೋಶಗಳಿಲ್ಲದ ದ್ರವ ಮಾತ್ರ. ಕೋಶ ಪಡೆದ ನಾಯಿಗಳಲ್ಲಿ ಹಲವು ಹಿಂಗಾಲನ್ನು ಮುಂಗಾಲಿನ ಜೊತೆ ಹೊಂದಿಸಿ ಮತ್ತೆ ಹೆಜ್ಜೆ ಹಾಕಿದವು. ಪವಾಡವೇನಲ್ಲ, ಮೂತ್ರದ ಹಿಡಿತ ಹೆಚ್ಚಿನವಕ್ಕೆ ಮರಳಲಿಲ್ಲ, ಮೆದುಳಿನವರೆಗಿನ ದಾರಿ ಪೂರ್ತಿ ಕೂಡಲಿಲ್ಲ. ಆದರೂ ಪ್ರಯೋಗಾಲಯದಲ್ಲಿ ಗಾಯಮಾಡಿದ ಪ್ರಾಣಿಗಳಲ್ಲಿ ಅಲ್ಲ, ಮನೆಗಳಲ್ಲಿ ಸಹಜವಾಗಿ ಪೆಟ್ಟಾದ ಜೀವಗಳಲ್ಲಿ ದೊರೆತ ಫಲ ಅದು. ಆ ನಾಯಿಗಳನ್ನು ಪ್ರಯೋಗದ ಹೊತ್ತಿನವರೆಗೆ ಜೀವಂತವಾಗಿ, ಹುಣ್ಣಿಲ್ಲದೆ ಇಟ್ಟವರು ಹೆಸರು ಗೊತ್ತಿಲ್ಲದ ಗೃಹಸ್ಥರು.

ಎಲ್ಲ ನಾಯಿಯೂ ಮತ್ತೆ ನಡೆಯುವುದಿಲ್ಲ. ನಡೆಯದವು ಹಿಂಗಾಲಿಗೆ ಎರಡು ಚಕ್ರದ ಗಾಡಿ ಕಟ್ಟಿಸಿಕೊಂಡು ಬೀದಿಯಲ್ಲಿ ಓಡುವುದನ್ನು ನೀವೂ ನೋಡಿರಬಹುದು. ಅವುಗಳ ಮುಖದಲ್ಲಿ ಕೊರತೆಯ ಭಾವ ನನಗೆ ಕಂಡಿಲ್ಲ. ಗೇಟಿನ ಬುಡ ಮೂಸುವುದು, ಕಾಗೆಯನ್ನು ಓಡಿಸುವುದು, ಎಲ್ಲ ಹಿಂದಿನಂತೆಯೇ. ಗಾಡಿಯಲ್ಲೇ ದಿನವಿಡೀ ನಿಲ್ಲಿಸಬಾರದು, ಆಗಾಗ ಬಿಚ್ಚಿ ಮಲಗಿಸಬೇಕು, ಪಟ್ಟಿ ಉಜ್ಜುವ ಕಡೆ ಚರ್ಮ ನೋಡುತ್ತಿರಬೇಕು, ಅಷ್ಟೆ. ಇನ್ನು ಕೆಲವು ನಾಯಿಗಳಿಗೆ ಎಷ್ಟು ಮಾಡಿದರೂ ನೋವು ಇಳಿಯುವುದಿಲ್ಲ. ಅಪರೂಪಕ್ಕೆ ಬೆನ್ನುಹುರಿ ಕರಗುತ್ತಾ ಮೇಲಕ್ಕೆ ಏರುವ ಸ್ಥಿತಿ ಬಂದು ಮುಂಗಾಲು, ಉಸಿರು ಎರಡೂ ಹೋಗುತ್ತವೆ. ಅಂಥಲ್ಲಿ ವೈದ್ಯರು ‘ಇನ್ನು ಬೇಡ’ ಎಂದಾಗ ಒಪ್ಪಿ, ಕೊನೆಯವರೆಗೆ ತಲೆಯ ಬಳಿ ಕೂತವರು ತಪ್ಪು ಮಾಡಿದವರಲ್ಲ. ಹಣವಿಲ್ಲದೆ ಆಪರೇಷನ್ ಮಾಡಿಸಲಾಗದವರೂ ಅಲ್ಲ. ತಪ್ಪು ಯಾವುದೆಂದರೆ ನಸುಕಿನಲ್ಲಿ ಗಾಡಿಗೆ ಹಾಕಿಕೊಂಡು ಹೋಗಿ ಊರ ಹೊರಗಿನ ಕೆರೆಯ ಏರಿಯ ಮೇಲೆ ಬಿಟ್ಟು ಬರುವುದು. ಅದು ನಡೆಯುತ್ತಿದೆ. ಕಾಲಿಲ್ಲದ ನಾಯಿ ಬೀದಿಯಲ್ಲಿ ಕೆಲವು ದಿನ ಮಾತ್ರ ಬದುಕುತ್ತದೆ, ಆ ದಿನಗಳು ಹೇಗಿರುತ್ತವೆಂದು ಬಿಟ್ಟು ಬಂದವರು ನೋಡುವುದಿಲ್ಲ.

ಆದ್ದರಿಂದ ಎರಡು ಕೇಳಿಕೆ. ಗಿಡ್ಡ ಕಾಲಿನ ಉದ್ದ ಬೆನ್ನಿನ ಮರಿಯನ್ನು ತರುವ ಆಸೆಯಿರುವವರು ಅದರ ತಾಯಿ ತಂದೆಗೆ ಬೆನ್ನಿನ ತೊಂದರೆ ಬಂದಿತ್ತೇ ಎಂದು ಮೊದಲು ಕೇಳಿ. ಉತ್ತರ ಕೊಡದವರ ಹತ್ತಿರ ಕೊಳ್ಳಬೇಡಿ. ಡೆನ್ಮಾರ್ಕ್, ಫಿನ್ಲೆಂಡ್, ನಾರ್ವೆಯಂಥ ದೇಶಗಳಲ್ಲಿ ಡ್ಯಾಶ್‌ಹಂಡ್‌ಗಳಿಗೆ ಎರಡರಿಂದ ನಾಲ್ಕು ವರ್ಷದೊಳಗೆ ಬೆನ್ನಿನ ಎಕ್ಸ್‌ರೇ ತೆಗೆಸಿ, ಸುಣ್ಣ ಕೂತ ಡಿಸ್ಕುಗಳನ್ನು ಎಣಿಸಿ, ಹೆಚ್ಚಿರುವವನ್ನು ಮರಿ ಹಾಕಿಸದೆ ಬಿಡುತ್ತಾರೆ. ನಮ್ಮಲ್ಲೂ ಕೊಳ್ಳುವವರು ಕೇಳತೊಡಗಿದರೆ ಮಾರುವವರು ತೆಗೆಸುತ್ತಾರೆ. ಈಗಾಗಲೇ ಮನೆಯಲ್ಲಿ ನಾಯಿ ಇರುವವರು, ರಾತ್ರಿ ಹೊತ್ತು ಬಾಗಿಲು ತೆರೆಯುವ ಪಶು ಆಸ್ಪತ್ರೆ ನಿಮ್ಮ ಊರಿಗೆ ಹತ್ತಿರದಲ್ಲಿ ಯಾವುದಿದೆ ಎಂದು ಇವತ್ತೇ ವಿಚಾರಿಸಿ, ಅದರ ಫೋನ್ ನಂಬರನ್ನು ಮನೆಯವರೆಲ್ಲರ ಮೊಬೈಲಿನಲ್ಲೂ ಹಾಕಿಡಿ.